ಗೂಢಚಾರನ ಸಾವಿಗೆ ಬಂದವರು

ತವಿಯಾ ಮಗನ ಜತೆ ಮಾತು ಬಿಟ್ಟು ಐದು ತಿಂಗಳಾಗಿತ್ತು. ಹಾಗಂತ ಹೇಳಬೇಕಾದ್ದನ್ನು ಹೇಳದೆ ಬಿಡುತ್ತಿದ್ದ ಅಂತಲ್ಲ. ಎಲ್ಲವನ್ನೂ ಮಗಳು ಸೆರ್ವಾಳ ಬಾಯಿಂದ ಹೇಳಿಸುತ್ತಿದ್ದ, ಅಷ್ಟೆ. ಮಗ ಅಂಟ್ವಿ ಅದೇ ಅಂಗಳದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮುಕ್ಕಾಲಿಯ ಮೇಲೆ ಕೂತಿರುತ್ತಿದ್ದ.

"ಸೆರ್ವಾ, ನಿಮ್ಮಣ್ಣಂಗೆ ಹೇಳು, ನೀರಿನ ಡ್ರಮ್ಮು ಖಾಲಿಯಾಗಿದೆ."

"ಅಣ್ಣ, ನೀರಿನ ಡ್ರಮ್ಮು ಖಾಲಿಯಾಗಿದೆಯಂತೆ."

"ಬೆಳಗ್ಗೇನೇ ತುಂಬಿಸಿದೀನಿ ಅಂತ ಅಪ್ಪಂಗೆ ಹೇಳು."

"ಅಪ್ಪ, ತುಂಬಿಸಿದಾನಂತೆ. ಇಬ್ರೂ ಸೇರಿ ನಂಗೊಂದು ಸಂಬಳ ಗೊತ್ತು ಮಾಡಿ. ಶಾಲೆಯಲ್ಲೂ ಇಷ್ಟು ಪಾಠ ಒಪ್ಪಿಸಲ್ಲ ನಾನು."

ತಾಯಿ ಬಿರಾಗೊಗೆ ಇದನ್ನು ಕೇಳಿ ಕೇಳಿ ಸಾಕೋಸಾಕಾಗಿತ್ತು. ಅವಳು ಬೆಳಗಿನ ಹೊತ್ತು ಮನೆಯ ಮುಂದೆ ಕೂತು ಅಲಸಂದೆ ಅನ್ನ ಮಾರುವವಳು. ಬೆಳಗ್ಗೆಯೆಲ್ಲ ಗಿರಾಕಿಗಳ ಜತೆ ಬಾಯಿ ಬಡಿದುಕೊಂಡು ಬಂದವಳಿಗೆ ಸಂಜೆ ಮನೆಯಲ್ಲಿ ಗಂಡ-ಮಗನ ನಡುವೆ ಹರಿದಾಡುವ ಈ ಅಂಚೆ ವ್ಯವಹಾರ ಬೇಕಿರಲಿಲ್ಲ. ಮೊದಲು ಅಪ್ಪ ಮಗ ಒಂದೇ ಮಣ್ಣಿನ ಬಟ್ಟಲಲ್ಲಿ ಕೈ ಹಾಕಿ ಉಣ್ಣುತ್ತಿದ್ದರು. ಈಗ ಎರಡು ಬಟ್ಟಲು, ಎರಡು ಸಲ ಬಡಿಸುವುದು, ಎರಡು ಸಲ ತೊಳೆಯುವುದು.

ಜಗಳಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಕುಮಾಸಿ ಪಟ್ಟಣದ ಸುವಾಮೆ ಬಡಾವಣೆಯಲ್ಲಿ ಸಾಲುಸಾಲು ಗ್ಯಾರೇಜುಗಳ ನಡುವೆ ತವಿಯಾನದೂ ಒಂದಿತ್ತು. ಮಗನಿಗೆ ಹದಿನೆಂಟು ತುಂಬಿದ ದಿನ ಅವನು ಪೇಂಟರನ್ನು ಕರೆಸಿ ಬೋರ್ಡಿನ ಮೇಲೆ 'ತವಿಯಾ ಮತ್ತು ಮಗ' ಎಂದು ಬರೆಸಿದ್ದ. ಮಗ ಆರು ವರ್ಷ ಎಂಜಿನ್ನಿನ ಕೆಳಗೆ ಮಲಗಿ ಎದ್ದವನು, ಒಂದು ದಿನ ಕೈಯ ಎಣ್ಣೆ ಒರೆಸಿಕೊಂಡು ಬಂದು, "ಅಪ್ಪ, ನಂಗೆ ಸಿನಿಮಾದಲ್ಲಿ ಹೀರೋ ಪಾತ್ರ ಸಿಕ್ಕಿದೆ" ಎಂದ. ಗೂಢಚಾರನ ಸಿನಿಮಾ. ಗೋಡೆ ಹಾರುವುದು, ಕಾರು ಓಡಿಸುವುದು, ಚಿನ್ನದ ಕಳ್ಳಸಾಗಣೆಯವರನ್ನು ಹಿಡಿಯುವುದು. ಡೈರೆಕ್ಟರ್ ಅಗ್ಯಮಾನ್ ಕಾರು ರಿಪೇರಿಗೆ ಬಂದಿದ್ದಾಗ ಅಂಟ್ವಿ ಬೇಲಿ ಹಾರಿ ಬಂದದ್ದನ್ನು ನೋಡಿ, "ಇನ್ನೊಂದ್ಸಲ ಹಾರು" ಅಂದಿದ್ದನಂತೆ.

ತವಿಯಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಬಿರಾಗೊಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಅವನು ಕೈ ತೊಳೆದು, ಬಟ್ಟೆ ಬದಲಿಸಿ, ಎಲ್ಲರನ್ನೂ ಅಂಗಳಕ್ಕೆ ಕರೆದು ಹೇಳಿದ: "ಅದು ಕೆಲಸ ಅಲ್ಲ. ಕೆಲಸ ಇಲ್ಲದೋರು ಹೊತ್ತು ಕಳೆಯೋ ದಾರಿ. ಇವತ್ತಿಂದ ಈ ಮನೇಲಿ ಸಿನಿಮಾ ಅನ್ನೋ ಮಾತು ನನ್ ಕಿವಿಗೆ ಬೀಳಬಾರದು. ಬಿತ್ತೋ, ಅವತ್ತೇ ನಾನು ಗ್ಯಾರೇಜಲ್ಲಿ ಹಾಸಿಗೆ ಹಾಕ್ಕೋತೀನಿ."

ಅವನು ಹೇಳಿದರೆ ಮಾಡುವ ಗಂಡಸು. ಹಾಗಾಗಿ ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು.

ಬೀಗ ಹಾಕಿದ್ದು ತವಿಯಾ ಮನೆಯಲ್ಲಿರುವಷ್ಟು ಹೊತ್ತು ಮಾತ್ರ. ಅವನ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾಯಿತೋ ಇಲ್ಲವೋ, ಅಡಿಗೆಮನೆಯಲ್ಲಿ ಸಿನಿಮಾ ಶುರುವಾಗುತ್ತಿತ್ತು. ಅಂಟ್ವಿ ಒಲೆಯ ಪಕ್ಕದ ಒರಳಿಗೆ ಬೆಂದ ಮರಗೆಣಸು, ಬಾಳೆಕಾಯಿ ಹಾಕಿಕೊಂಡು ಉದ್ದನೆಯ ಒನಕೆಯಿಂದ ಫೂಫೂ ಕುಟ್ಟುತ್ತಿದ್ದ. ಬಿರಾಗೊ ಒನಕೆ ಮೇಲೇರಿದಾಗೆಲ್ಲ ಕೈ ಹಾಕಿ ಮುದ್ದೆ ತಿರುವುತ್ತಿದ್ದಳು. ಒಂದೊಂದು ಪೆಟ್ಟಿಗೆ ಒಂದೊಂದು ಸಂಭಾಷಣೆ.

"ಬಾಗಿಲು ತೆಗಿ!" ಧಡ್. "ನಿನ್ನ ಆಟ ಮುಗೀತು!" ಧಡ್. "ನನ್ನ ಹೆಸರು ಕೇಳಬೇಡ!" ಧಡ್.

"ಲೋ, ನೆಟ್ಟಗೆ ಕುಟ್ಟೋ. ನಿನ್ನ ಕಳ್ಳ ಸಿಕ್ಕೋದ್ರೊಳಗೆ ನನ್ನ ಬೆರಳು ಹೋಗುತ್ತೆ."

ಬಿರಾಗೊಳ ತಾಯಿ ಸರ್ಪೊಮಾ ಅಲ್ಲೇ ಗೋಡೆಗೊರಗಿ ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕೂತಿರುತ್ತಿದ್ದಳು. ಹಲ್ಲು ಅರ್ಧ ಉದುರಿದ್ದರೂ ನಾಲಗೆ ಪೂರ್ತಿ ಇದ್ದ ಮುದುಕಿ.

"ಗೂಢಚಾರ ಅಂದ್ರೇನೋ ಮಗ?"

"ಯಾರಿಗೂ ಕಾಣಿಸದ ಹಾಗೆ ಓಡಾಡಿ ಎಲ್ಲಾ ತಿಳ್ಕೊಳೋನು ಅಜ್ಜಿ."

"ಯಾರಿಗೂ ಕಾಣಿಸಬಾರದು?"

"ಹೂಂ."

"ಮತ್ತೆ ಇದಕ್ಕೆ ನಿನ್ನ ಯಾಕೆ ಆರಿಸಿದ್ರು? ಮೂರು ಬೀದಿ ಆಚೆಯಿಂದ ನಿನ್ನ ಕಿವಿ ಕಾಣ್ಸುತ್ತೆ."

ಬಿರಾಗೊಗೆ ನಗು ಬಂತು. ಅವಳು ಮಗನ ಕಡೆಯೇ ಇದ್ದಳು, ಆದರೆ ಗಂಡನ ಕಡೆ ಇರಲಿಲ್ಲ ಎಂದಲ್ಲ. ಮಗ ಕಪ್ಪು ಕೋಟು ಹಾಕಿಕೊಂಡು ಸುಡುಬಿಸಿಲಲ್ಲಿ ಓಡಿ ಬಂದಾಗ ಅವನಿಗೆ ಗುಟ್ಟಾಗಿ ಎರಡು ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ಸಂಜೆ ಗಂಡ ಬಂದು ಮೌನವಾಗಿ ಬಟ್ಟಲು ಎಳೆದುಕೊಂಡಾಗ, ಅವನ ಬಟ್ಟಲಿಗೂ ಒಂದು ಮೀನು ಹೆಚ್ಚಿಗೆ ಹಾಕುತ್ತಿದ್ದಳು. ಇಬ್ಬರಿಗೂ ಇದು ಗೊತ್ತಾಗುವುದಿಲ್ಲ ಅಂದುಕೊಂಡಿದ್ದಳು.

"ಮೊಟ್ಟೆ ಬೇಗ ಖಾಲಿಯಾಗ್ತಿವೆ" ಎಂದ ತವಿಯಾ ಒಂದು ದಿನ.

"ಕೋಳಿ ಸರಿಯಾಗಿ ಇಡ್ತಿಲ್ಲ."

"ಹಾಗಾದ್ರೆ ಕೋಳಿಗೆ ಹೇಳು, ಅಷ್ಟೊಂದು ಎತ್ತರದಿಂದ ಹಾರ್ಬೇಡ ಅಂತ. ಸೆರ್ವಾ, ನಿಮ್ಮಣ್ಣನ ಮಂಡಿಗೆ ಮುಲಾಮು ಹಚ್ಕೊಳ್ಳೋಕೆ ಹೇಳು. ಕುಂಟ್ತಾ ಇದಾನೆ."

ಬಿರಾಗೊ ಮುಲಾಮಿನ ಡಬ್ಬಿ ಹುಡುಕಿ ಸೆರ್ವಾಳ ಕೈಗಿತ್ತಳು. ಆ ರಾತ್ರಿ ಬಟ್ಟಲು ತೊಳೆಯುವಾಗ ಧೈರ್ಯ ಮಾಡಿ ಕೇಳಿಯೂ ಬಿಟ್ಟಳು: "ರೀ, ಅವನ ಮಂಡಿ ನೋಡೋಕೆ ಕಣ್ಣಿದೆ. ಅವನ ಜತೆ ಎರಡು ಮಾತಾಡೋಕೆ ಬಾಯಿಲ್ವಾ?"

"ಬೋರ್ಡ್ ಓದಿ ನಗ್ತಾರೆ ಬಿರಾಗೊ" ಎಂದ ತವಿಯಾ. "ಗಾಡಿ ತಂದೋರೆಲ್ಲ 'ಮೇಸ್ತ್ರಿ, ಮಗ ಎಲ್ಲಿ?' ಅಂತಾರೆ. ಏನು ಹೇಳ್ಲಿ? ಆರು ವರ್ಷ ಕೈ ಹಿಡಿದು ಕಲಿಸಿದೆ. ನಂಗೆ ವಯಸ್ಸಾದ ಮೇಲೆ ಆ ಬಾಗಿಲು ತೆಗೆಯೋರು ಯಾರು? ಒಂದ್ ಮಾತು ಕೇಳ್ಲಿಲ್ಲ ಅವನು. ಬಂದು ಹೇಳಿದ. ಕೇಳ್ಲಿಲ್ಲ."

ಗಂಡನ ಸಂಕಟ ಬಿರಾಗೊಗೆ ಅರ್ಥವಾಗುತ್ತಿತ್ತು. ಆದರೆ ಈ ಮೌನ ಹೀಗೇ ಮುಂದುವರಿದರೆ ಒಂದು ದಿನ ಮಗ ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಡುತ್ತಾನೆ, ಆಮೇಲೆ ಇಬ್ಬರೂ ಸಾಯುವವರೆಗೂ ಹಟ ಬಿಡುವುದಿಲ್ಲ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಅಂಟ್ವಿ ಆಗಲೇ ಗೆಳೆಯನೊಬ್ಬನ ಜತೆ ಅಸಾಫೊದಲ್ಲಿ ಬಾಡಿಗೆ ಕೋಣೆ ನೋಡಿ ಬಂದಿದ್ದ. ಸಿನಿಮಾ ಮುಗಿದ ಕೂಡಲೇ ಹೋಗುವುದೆಂದು ತಾಯಿಗೆ ಮಾತ್ರ ಹೇಳಿದ್ದ.

"ಅಪ್ಪ ಒಂದ್ಸಲ ನನ್ನ ಹೆಸರು ಹಿಡಿದು ಕರೀಲಿ ಅಮ್ಮ, ಇಲ್ಲೇ ಇರ್ತೀನಿ. ಬೈಯ್ಲಿ ಬೇಕಾದ್ರೆ. 'ನಿಮ್ಮಣ್ಣ, ನಿಮ್ಮಣ್ಣ' ಅಂತ ಕೇಳಿ ಕೇಳಿ ನಂಗೆ ನಾನೇ ಈ ಮನೇಲಿಲ್ಲ ಅನ್ಸುತ್ತೆ."

ಚಿತ್ರೀಕರಣದ ಕೊನೆಯ ವಾರ ಅಂಟ್ವಿ ಕಂಕುಳಲ್ಲಿ ಒಂದು ಕಾಗದದ ಸುರುಳಿ ಇಟ್ಟುಕೊಂಡು ಬಂದ. ಅಡಿಗೆಮನೆಯಲ್ಲಿ ಬಿಡಿಸಿ ತೋರಿಸಿದ. ಬಿರಾಗೊ ಕೈಲಿದ್ದ ಸೌಟು ಬೀಳುವುದೊಂದು ಬಾಕಿ.

ಅದು ಸಾವಿನ ಪೋಸ್ಟರು. ಕುಮಾಸಿಯ ಯಾವ ಗೋಡೆಯ ಮೇಲಾದರೂ ಕಾಣುವಂಥದ್ದೇ. ಮೇಲೆ ಕೆಂಪು ಅಕ್ಷರದಲ್ಲಿ 'ಎಂಥ ಆಘಾತ!', ನಡುವೆ ಕಪ್ಪು ಕೋಟಿನಲ್ಲಿ ಅಂಟ್ವಿಯ ದೊಡ್ಡ ಫೋಟೋ, ಕೆಳಗೆ ವಯಸ್ಸು, ಶನಿವಾರ ಮಣ್ಣು ಮಾಡುವ ವಿವರ, ಬಂಧುಬಳಗದ ಪಟ್ಟಿ.

"ಅಮ್ಮ, ಗಾಬರಿಯಾಗ್ಬೇಡ. ಕಥೆಯಲ್ಲಿ ಗೂಢಚಾರ ಸತ್ತ ಹಾಗೆ ನಾಟಕ ಆಡ್ತಾನೆ. ಕಳ್ಳರು ಇವನು ಸತ್ತ ಅಂತ ನಂಬಿ ಚಿನ್ನ ಹೊರಗೆ ತೆಗೀತಾರೆ. ಶನಿವಾರ ಶವಪೆಟ್ಟಿಗೆ ಸೀನು. ಅದಕ್ಕೆ ಮುಂಚೆ ಬೀದಿ ಗೋಡೆ ಮೇಲೆ ಪೋಸ್ಟರ್ ಕಾಣ್ಬೇಕು. ಮೂರೋ ನಾಲ್ಕೋ ಅಂಟಿಸ್ತಾರೆ, ಅದೂ ಬಂಟಾಮಾ ಕಡೆ. ನೋಡು, ಹೆಸರು ಕೂಡ ನಂದಲ್ಲ. 'ಎಮಾನ್ಯುಯೆಲ್ ಕ್ವಾಬೆನಾ ಸಿಕಾ.'"

ಬಿರಾಗೊ ಪೋಸ್ಟರನ್ನು ಮಗುಚಿ ಹಾಕಿದಳು. "ಹೆಸರು ಯಾರದಾದ್ರೂ ಆಗ್ಲಿ. ಮುಖ ನಂದು. ನಾನು ಹೆತ್ತಿದ್ದು."

ಸರ್ಪೊಮಾ ಅದನ್ನು ಮತ್ತೆ ತಿರುವಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಫೋಟೋ ಲಕ್ಷಣವಾಗಿದೆ. ನಂದಕ್ಕೂ ಇವರಿಗೇ ಹೇಳು. ನಿಮ್ಮ ತಾತನ ಪೋಸ್ಟರಲ್ಲಿ ಮುಖ ಹಲಸಿನಕಾಯಿ ಆಗಿತ್ತು."

"ಅಮ್ಮ!"

"ಏನೇ? ಹೊಸ ಹೀರೋ ಆಗ್ಬೇಕು ಅಂದ್ರೆ ಹಳೇ ಭಯ ಬಿಡ್ಬೇಕು. ಆದ್ರೆ ಮಗ, ಜೀವ ಇರೋನು ಪೆಟ್ಟಿಗೆಯೊಳಗೆ ಸುಮ್ನೆ ಮಲಗೋ ಹಾಗಿಲ್ಲ. ಶನಿವಾರ ನಾನೂ ಬರ್ತೀನಿ. ಮೊದಲು ಪೂರ್ವಿಕರಿಗೆ ಎರಡು ಹನಿ ಮದ್ಯ ಸುರಿದು, ಇದು ಆಟ ಕಣ್ರಪ್ಪಾ, ಕರ್ಕೊಂಡು ಹೋಗ್ಬೇಡಿ ಅಂತ ಹೇಳಿ, ಆಮೇಲೆ ನೀನು ಕಾಲಿಡು."

ಗಂಡನಿಗೆ ಒಂದು ಮಾತು ಹೇಳಿಬಿಡೋಣವೇ ಎಂದು ಬಿರಾಗೊ ಆ ಸಂಜೆ ಯೋಚಿಸಿದಳು. ಬಾಯಿ ತೆರೆದರೆ 'ಸಿನಿಮಾ' ಅನ್ನಲೇಬೇಕು. ಗ್ಯಾರೇಜಲ್ಲಿ ಹಾಸಿಗೆ ಹಾಸಿಯೇ ಬಿಟ್ಟರೆ? ಬಂಟಾಮಾದ ಗೋಡೆಯನ್ನು ನೋಡಲು ಇವನೇಕೆ ಹೋಗುತ್ತಾನೆ ಎಂದುಕೊಂಡು ಸುಮ್ಮನಾದಳು.

ಅವಳಿಗೂ ಡೈರೆಕ್ಟರಿಗೂ ತಿಳಿಯದೆ ಹೋದದ್ದು ಪೋಸ್ಟರ್ ಅಂಟಿಸುವವರ ಪದ್ಧತಿ. ಅವರ ಕೈಗೆ ಕಟ್ಟು ಕೊಟ್ಟು 'ನಾಲ್ಕು ಸಾಕು' ಅಂದರೆ ಅದು ಅವರ ಕಿವಿಗೆ ಹೋಗುವುದಿಲ್ಲ. ಸಾವಿನ ಪೋಸ್ಟರನ್ನು ಮಿಗಿಸಿ ಮನೆಗೆ ಒಯ್ಯುವುದು ಅಪಶಕುನ. ಹಾಗಾಗಿ ಬುಧವಾರ ಬಂಟಾಮಾದಲ್ಲಿ ಶುರುಮಾಡಿದವರು ಕಟ್ಟು ಮುಗಿಯುವವರೆಗೂ ಅಂಟಿಸುತ್ತ, ಅಂಟಿಸುತ್ತ, ಸುವಾಮೆಯ ಗ್ಯಾರೇಜು ಸಾಲಿನವರೆಗೂ ಬಂದುಬಿಟ್ಟಿದ್ದರು.

ಗುರುವಾರ ಮಧ್ಯಾಹ್ನ ಬಿರಾಗೊ ಅನ್ನದ ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ಪಕ್ಕದ ಬೀದಿಯ ಹೆಂಗಸರಿಬ್ಬರು ಕಪ್ಪು ವಸ್ತ್ರ ಸುತ್ತಿಕೊಂಡು ಒಳಗೆ ಬಂದರು. ಏನೂ ಹೇಳದೆ ಅವಳ ಕೈ ಕುಲುಕಿ, ಗೋಡೆಯ ಬದಿ ಕೂತರು. ಹಿಂದೆಯೇ ಇನ್ನೂ ಮೂವರು. ಅವರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹೇರಿಕೊಂಡ ಕೈಗಾಡಿ.

"ಯಾರು ತರಿಸಿದ್ದು ಕುರ್ಚಿ?"

"ಕೂತ್ಕೋ ಬಿರಾಗೊ" ಎಂದಳು ಅವರಲ್ಲಿ ಹಿರಿಯಳು. "ಗಂಡಸರು ಬರ್ಲಿ."

ಬಿರಾಗೊ ಒದ್ದೆ ಕೈ ಒರೆಸಿಕೊಳ್ಳುತ್ತ ಕುರ್ಚಿಗಳನ್ನು ಎಣಿಸಿದಳು. ಯಾರ ಮನೆಯಲ್ಲಿ ಸಾವೋ ಅವರಿಗೆ ಸುದ್ದಿ ಕೊನೆಗೆ. ಹಿರಿಯರು ಬಂದು, ಕೂತು, ನೀರು ಕುಡಿದು, ಬಂದ ಕಾರಣ ಮನೆಯವರು ಕೇಳಿದ ಮೇಲೆಯೇ ಹೇಳುವುದು. ಅದಕ್ಕೆ ಮುಂಚೆ ಬಾಯಿ ಬಿಟ್ಟವರನ್ನು ಊರು ಕ್ಷಮಿಸುವುದಿಲ್ಲ. ಬಿರಾಗೊಗೆ ಮೊದಲು ನೆನಪಾದದ್ದು ತಾಯಿ. ಚರ್ಚಿನ ಹೆಂಗಸರ ಸಭೆಗೆಂದು ಬೆಳಗ್ಗೆ ಹೋದವಳು ಇನ್ನೂ ಬಂದಿರಲಿಲ್ಲ. ಬಿಸಿಲು ಬೇರೆ.

ಅಷ್ಟರಲ್ಲಿ ಸರ್ಪೊಮಾ ಕೋಲೂರಿಕೊಂಡು ಏದುಸಿರು ಬಿಡುತ್ತ ಒಳಗೆ ಬಂದಳು. ಕುರ್ಚಿ, ಕಪ್ಪು ಬಟ್ಟೆ, ಎಲ್ಲ ನೋಡಿ ಕೋಲು ಬಿಟ್ಟು ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ನನ್ನ ಅಳಿಯ! ಯಾವ ಗಾಡಿ ಮೈಮೇಲೆ ಬಿತ್ತಪ್ಪಾ!"

ಆಗ ಅಳಿಯನೇ ಬಾಗಿಲಲ್ಲಿ ಕಾಣಿಸಿಕೊಂಡ. ಎರಡೂ ಬದಿಗೆ ಗ್ಯಾರೇಜಿನ ಮೇಸ್ತ್ರಿಗಳು, ಹಿಂದೆ ಎಣ್ಣೆ ಬಟ್ಟೆಯಲ್ಲೇ ಬಂದ ಕೆಲಸಗಾರರು. ಎಲ್ಲರ ಮುಂದೆ ಹಿರಿಯ ಮೇಸ್ತ್ರಿ ಕಂಕಮ್. ತವಿಯಾನಿಗೆ 'ಮನೇಲಿ ಕರೀತಿದಾರೆ, ನಡಿ' ಎಂದಷ್ಟೇ ಹೇಳಿ ಎಬ್ಬಿಸಿಕೊಂಡು ಬಂದಿದ್ದರು.

"ಅತ್ತೆ! ನೀವು ನೆಟ್ಟಗಿದ್ದೀರಾ?" ಎಂದ ತವಿಯಾ. "ದಾರಿ ಉದ್ದಕ್ಕೂ ನಿಮಗೇ ಏನೋ ಆಯ್ತು ಅಂದ್ಕೊಂಡು ಬಂದೆ."

"ನಂಗೇನಾಗ್ಬೇಕು? ನಿನ್ನ ಕಥೆ ಮುಗೀತು ಅಂತ ನಾನು ಅಳೋಕೆ ಶುರು ಮಾಡಿದ್ನಲ್ಲೋ!"

ಸೆರ್ವಾ ಶಾಲೆಯ ಚೀಲ ಹೊತ್ತು ಬಂದು ನಿಂತಳು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನು ಉಳಿದವನು ಒಬ್ಬನೇ. ಬೆಳಗ್ಗೆ ಎತ್ತರದ ಕಟ್ಟಡದಿಂದ ಹಾರುವ ಸೀನಿದೆ ಎಂದು ಹೇಳಿ ಹೋದವನು.

ತವಿಯಾ ಕುರ್ಚಿಯಲ್ಲಿ ಕೂತ. ಕಂಕಮ್‌ಗೆ ನೀರು ಕೊಟ್ಟರು. ಅವನು ಒಂದು ಗುಟುಕು ಕುಡಿದು ಉಳಿದದ್ದನ್ನು ಪೂರ್ವಿಕರಿಗೆಂದು ನೆಲಕ್ಕೆ ಚೆಲ್ಲಿದ. ಬಂದ ಕಾರಣ ಕೇಳಿದರೆ 'ಒಳ್ಳೇದಕ್ಕೇ ಬಂದ್ವಿ' ಎಂದು ಶುರುಮಾಡುವುದು ವಾಡಿಕೆ. ಕಂಕಮ್ ಹಾಗೆನ್ನಲಿಲ್ಲ.

"ತವಿಯಾ, ನಾವು ಹೇಳಬಾರದಿತ್ತು, ನೀನು ಹೇಳಿ ನಾವು ಬರ್ಬೇಕಿತ್ತು. ನಿಮ್ಮ ಮನೆ ಸುದ್ದಿ ನಮಗೆ ಗೋಡೆ ಹೇಳ್ತು. ಇಷ್ಟು ದೊಡ್ಡ ಅನಾಹುತ ಆದ ಮೇಲೂ ನೀನು ಗ್ಯಾರೇಜಿಗೆ ಬಂದು ಸ್ಪ್ಯಾನರ್ ಹಿಡಿದಿದ್ದು ನೋಡಿ, ಪಾಪ, ಇವನಿಗೇ ಯಾರೂ ತಿಳಿಸಿಲ್ಲ ಅಂತ ಗೊತ್ತಾಯ್ತು. ಮಗನ ಜತೆ ಮಾತಿರ್ಲಿಲ್ಲ ನಿಂಗೆ, ಗೊತ್ತು. ಆದ್ರೂ ಮಗ ಮಗನೇ. ಅಂಟ್ವಿಯ ಪೋಸ್ಟರು ನೀನು ಬಾರದ ಆ ತುದಿಯ ಗೋಡೆಗೆಲ್ಲ ಅಂಟಿಸಿದಾರೆ. ಶನಿವಾರ ಮಣ್ಣು ಅಂತೆ."

ಗೋಡೆ ಎಂದ ಕೂಡಲೇ ಬಿರಾಗೊಗೆ ಹೊಳೆದಿತ್ತು. ಹೋದ ಜೀವ ಬಂದಂತಾಯಿತು. ಬಾಯಿ ತೆರೆದಳು. ಅಷ್ಟರಲ್ಲಿ ಗಂಡನ ಮುಖ ಕಣ್ಣಿಗೆ ಬಿತ್ತು.

ತವಿಯಾ ಅಳಲಿಲ್ಲ. ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಅದರಲ್ಲಿ ಏನೋ ಇತ್ತು, ಈಗಿಲ್ಲ ಎಂಬಂತೆ ನೋಡುತ್ತ ಕೂತ. ತುಟಿ ಮಾತ್ರ ಅಲುಗುತ್ತಿತ್ತು. ಅವನು ಯಾವ ಹೆಸರು ಹೇಳುತ್ತಿದ್ದಾನೆಂದು ದನಿಯಿಲ್ಲದೆಯೂ ಅವಳಿಗೆ ತಿಳಿಯಿತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದಳು, ಆ ಮುಖವನ್ನು ನೋಡಿರಲಿಲ್ಲ.

"ಸಿನಿಮಾ!" ಎಂದು ಕೂಗಿದಳು ಬಿರಾಗೊ. "ರೀ, ಅದು ಸಿನಿಮಾ! ಸಿನಿಮಾ ಪೋಸ್ಟರು! ಅವನು ಚೆನ್ನಾಗಿದಾನೆ, ಸಿನಿಮಾದಲ್ಲಿ ಸತ್ತಿರೋದು!"

"ಹೆಸರು ಓದ್ಲಿಲ್ವೇನ್ರೋ ನೀವು?" ಸರ್ಪೊಮಾ ಕೋಲು ನೆಲಕ್ಕೆ ಕುಟ್ಟಿ ಮೇಸ್ತ್ರಿಗಳ ಮೇಲೆ ಹರಿಹಾಯ್ದಳು.

"ಓದಿದ್ವಿ ತಾಯಿ. ಅದು ಚರ್ಚಲ್ಲಿ ಇಟ್ಟ ಹೆಸರು ಅಂದ್ಕೊಂಡ್ವಿ" ಎಂದ ಕಂಕಮ್ ಸಣ್ಣ ದನಿಯಲ್ಲಿ. ಅವನದೂ ತಪ್ಪಲ್ಲ. ಆ ಊರಿನಲ್ಲಿ ಸತ್ತ ಮೇಲೆ ಎಲ್ಲರಿಗೂ ಬದುಕಿದ್ದಾಗ ಯಾರೂ ಕೇಳಿರದ ಉದ್ದುದ್ದ ಹೆಸರು ಬರುತ್ತದೆ.

ತವಿಯಾ ಎದ್ದು ನಿಂತ. "ಎಲ್ಲಿದಾನೆ?"

ಫೋನು ಮಾಡಿದರೆ ಬಂದ್ ಆಗಿತ್ತು. ಚಿತ್ರೀಕರಣದ ಹೊತ್ತಿನಲ್ಲಿ ಹಾಗೇ ಇರುತ್ತದೆ ಎಂದು ಸೆರ್ವಾ ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತ. ಬಂದವರಿಗೂ ಎದ್ದು ಹೋಗಲು ಮನಸ್ಸಿರಲಿಲ್ಲ. ಸತ್ತವನನ್ನು ಕಣ್ಣಾರೆ ನೋಡದೆ ಹೋಗುವುದು ಹೇಗೆ? ಬಿರಾಗೊ ಉಳಿದ ಅಲಸಂದೆ ಅನ್ನವನ್ನು ಎಲ್ಲರಿಗೂ ಹಂಚಿದಳು. ತವಿಯಾ ತನ್ನ ಪಾಲನ್ನು ಮುಟ್ಟಲಿಲ್ಲ.

ಹೊತ್ತು ಇಳಿಯುವಾಗ ಡೈರೆಕ್ಟರನ ವ್ಯಾನು ಬಂದು ನಿಂತಿತು. ತೋಳು ಹರಿದ ಕೋಟು, ಹಣೆಯ ಮೇಲೆ ಹಚ್ಚಿದ ರಕ್ತ, ಮೂಗಿನ ಮೇಲೆ ಕಪ್ಪು ಕನ್ನಡಕದೊಂದಿಗೆ ಅಂಟ್ವಿ ಇಳಿದ. ಅಂಗಳದ ತುಂಬ ಕಪ್ಪು ಬಟ್ಟೆ ಕಂಡು ಅಲ್ಲೇ ನಿಂತ.

"ಅಜ್ಜಿಗೇನಾಯ್ತು?" ಎಂದ.

"ಎಲ್ಲಾರೂ ನನ್ನನ್ನೇ ಕಳಿಸೋಕೆ ಕಾಯ್ತಿದೀರಲ್ಲ!" ಎಂದಳು ಸರ್ಪೊಮಾ. ಜನ ಘೊಳ್ಳೆಂದು ನಕ್ಕರು.

ತವಿಯಾ ಮಗನ ಹತ್ತಿರ ಹೋದ. ಅಡಿಯಿಂದ ಮುಡಿಯವರೆಗೆ ನೋಡಿದ. ಹಣೆಯ ರಕ್ತವನ್ನು ಹೆಬ್ಬೆರಳಲ್ಲಿ ಒರೆಸಿ ನೋಡಿದ. ಅದು ಬರೀ ಬಣ್ಣ. ಬಿರಾಗೊ ಗಂಡನ ತುಟಿಯನ್ನೇ ನೋಡುತ್ತಿದ್ದಳು. ಈಗ ಕರೆಯುತ್ತಾನೆ, ಈಗ ಕರೆಯುತ್ತಾನೆ.

"ಸೆರ್ವಾ" ಎಂದ ತವಿಯಾ, "ನಿಮ್ಮಣ್ಣಂಗೆ ಮುಖ ತೊಳ್ಕೊಳ್ಳೋಕೆ ಹೇಳು." ಅಂದವನೇ ಒಳಗೆ ಹೋಗಿಬಿಟ್ಟ.

ಸೆರ್ವಾ ಬಾಯಿ ತೆರೆಯಲಿಲ್ಲ. ಅಂಟ್ವಿ ತಲೆ ತಗ್ಗಿಸಿ ನೀರಿನ ಡ್ರಮ್ಮಿನ ಕಡೆ ನಡೆದ. ಡೈರೆಕ್ಟರ್ ಅಗ್ಯಮಾನ್‌ಗೆ ಇದ್ಯಾವುದೂ ಕಾಣಲಿಲ್ಲ. ಅವನು ಅಂಗಳದ ಜನರನ್ನೂ ಅವರ ಬಟ್ಟೆಯನ್ನೂ ನೋಡುತ್ತ, ಲಾಟರಿ ಹೊಡೆದವನ ಹಾಗೆ ಕೈ ಉಜ್ಜಿಕೊಳ್ಳುತ್ತಿದ್ದ. "ಅಕ್ಕಂದಿರಾ, ಅಣ್ಣಂದಿರಾ, ದೇವರೇ ಕಳಿಸಿದ ಹಾಗೆ ಬಂದಿದ್ದೀರಿ. ಶನಿವಾರ ಇದೇ ಬಟ್ಟೇಲಿ ಚರ್ಚಿನ ಬಯಲಿಗೆ ಬಂದುಬಿಡಿ. ಅನ್ನ, ತಂಪು ಪಾನೀಯ ನಂದು!"

ಬಿರಾಗೊ ಒಳಗೆ ಹೋದಳು. ಗಂಡ ಮಂಚದ ಮೇಲೆ ಗೋಡೆ ನೋಡಿಕೊಂಡು ಕೂತಿದ್ದ.

"ಅಲ್ಲಾರೀ, ಗೋಡೆ ಹೇಳಿದ್ದು ನಂಬ್ತೀರಿ. ಕಣ್ಣೆದುರಿಗೆ ನಿಂತಿರೋ ಮಗನ್ನ ನಂಬಲ್ಲ."

"ಯಾರೂ ನಂಗೆ ಹೇಳ್ಲಿಲ್ಲ."

"ಹೇಳಬಾರದು ಅಂದೋರು ಯಾರು? ನಾನಾ?"

"ನಾನೇ. ಸರಿ, ನಾನೇ!"

"ಸತ್ತಿದಾನೆ ಅಂದಾಗ ಅವನ ಹೆಸರು ಹೇಳಿದ್ರಿ. ತುಟಿ ನೋಡಿದೆ ನಾನು. ಬದುಕಿ ಬಂದು ನಿಂತ್ರೆ ಮತ್ತೆ 'ನಿಮ್ಮಣ್ಣ'. ನಿಮಗೆ ಯಾವ ಮಗ ಬೇಕು? ಸತ್ತೋನಾ, ಇದ್ದೋನಾ?"

"ಬಾಯಿ ಮುಚ್ಚು ಬಿರಾಗೊ."

"ಮುಚ್ಚಲ್ಲ. ಅವನು ಅಸಾಫೊದಲ್ಲಿ ಕೋಣೆ ನೋಡಿದಾನೆ. ಸಿನಿಮಾ ಮುಗಿದ ಕೂಡ್ಲೇ ಹೋಗ್ತಾನೆ. ಸಿನಿಮಾ, ಸಿನಿಮಾ, ಸಿನಿಮಾ! ಇಗೋ ಅಂದೆ. ಹೋಗಿ, ಗ್ಯಾರೇಜಲ್ಲಿ ಮಲಕ್ಕೊಳ್ಳಿ ಬೇಕಾದ್ರೆ."

ತವಿಯಾ ಎಲ್ಲಿಗೂ ಹೋಗಲಿಲ್ಲ. ಶುಕ್ರವಾರ ಇಡೀ ದಿನ ಯಾರಿಗೂ ಏನನ್ನೂ ಹೇಳಲಿಲ್ಲ, ಸೆರ್ವಾಳ ಮೂಲಕವೂ ಹೇಳಲಿಲ್ಲ.

ಶನಿವಾರ ಚರ್ಚಿನ ಬಯಲಿನಲ್ಲಿ ನಿಜವಾದ ಸಾವಿಗೂ ಅಷ್ಟು ಜನ ಸೇರುತ್ತಿದ್ದರೋ ಇಲ್ಲವೋ. ಗ್ಯಾರೇಜು ಸಾಲಿನ ಅರ್ಧ ಅಲ್ಲಿಗೆ ಬಂದಿತ್ತು. ಬಾಡಿಗೆಗೆ ತಂದ ಶವಪೆಟ್ಟಿಗೆ ಬಿಳಿ ರೇಷ್ಮೆಯ ಒಳಮೈ ತೋರಿಸುತ್ತ ಚಪ್ಪರದ ಕೆಳಗೆ ಬಾಯಿ ತೆರೆದುಕೊಂಡಿತ್ತು. ಸರ್ಪೊಮಾ ಅದರ ಮುಂದೆ ಮದ್ಯ ಸುರಿದು, ಪೂರ್ವಿಕರಿಗೆಲ್ಲ ಹೆಸರು ಹಿಡಿದು ಹಿಡಿದು ಎಚ್ಚರಿಕೆ ಕೊಟ್ಟಳು. ಆಮೇಲೆ ಅಂಟ್ವಿ ಒಳಗೆ ಮಲಗಿದ. ಮೂಗಿಗೆ ಹತ್ತಿ ಇಟ್ಟರು. ಬಿರಾಗೊ ಮುಖ ತಿರುಗಿಸಿ ನಿಂತಳು.

ತವಿಯಾ ಬರುವುದಿಲ್ಲ ಎಂದಿದ್ದ. ಹಾಗೆ ಬಾಯಿ ಬಿಟ್ಟು ಹೇಳಿರಲಿಲ್ಲ, ಬೆಳಗ್ಗೆ ಎದ್ದು ಸ್ಪ್ಯಾನರ್ ಪೆಟ್ಟಿಗೆ ಹಿಡಿದುಕೊಂಡು ಹೊರಟಿದ್ದ.

"ಎಲ್ಲರೂ ಸಾಲಾಗಿ ಬಂದು ಪೆಟ್ಟಿಗೆ ಸುತ್ತಿ ಹೋಗಿ!" ಡೈರೆಕ್ಟರ್ ಕೂಗಿದ. "ಕ್ಯಾಮೆರಾ ನೋಡ್ಬೇಡಿ. ಅಂಟ್ವಿ, ಉಸಿರು ಎದೆಯಲ್ಲಿ ಕಾಣಬಾರದು. ರೆಪ್ಪೆಗಳೂ ಅಲುಗಬಾರದು. ಇದೊಂದು ಸೀನ್ ಗೆದ್ರೆ ಸಿನಿಮಾ ಗೆದ್ದ ಹಾಗೆ!"

ಮೊದಲ ಸಲ ಐಸ್‌ಕ್ರೀಮ್ ಮಾರುವವನ ಪೀಪಿ ಕೇಳಿ ಎಲ್ಲ ಕೆಟ್ಟಿತು. ಎರಡನೆಯ ಸಲ ಸಾಲು ಸರಿಯಾಗಿ ಸಾಗಿತು. ತಾಯಿಯ ಪಾತ್ರದ ಹೆಂಗಸು ಎದೆ ಬಡಿದುಕೊಂಡು ಅತ್ತಳು. ಮೇಸ್ತ್ರಿಗಳು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ ಮುಂದೆ ಹೋದರು. ಕಂಕಮ್ ನಿಜವಾಗಿಯೇ ಕಣ್ಣೊರೆಸಿಕೊಂಡ. ಅವನ ಹಿಂದೆ ತನ್ನ ಹಳೆಯ ಕಪ್ಪು ವಸ್ತ್ರವನ್ನು ಎಡ ಹೆಗಲ ಮೇಲೆ ಹೊದ್ದು ತವಿಯಾ ನಡೆದು ಬರುತ್ತಿದ್ದ.

ಬಿರಾಗೊ ಸೆರ್ವಾಳ ತೋಳು ಹಿಡಿದುಕೊಂಡಳು.

ತವಿಯಾ ಪೆಟ್ಟಿಗೆಯ ಬಳಿ ನಿಂತ. ನಿಂತೇ ಇದ್ದ. ಹಿಂದಿನವರು ಅವನಿಗೆ ತಗುಲಿ ನಿಂತರು. "ಮೇಸ್ತ್ರಿಯಾ ಅದು? ಮುಖ ನೋಡು, ಮುಖ ನೋಡು!" ಡೈರೆಕ್ಟರ್ ಸಂತೋಷ ತಡೆಯಲಾರದೆ ಕ್ಯಾಮೆರಾದವನ ಬೆನ್ನು ಗುದ್ದಿದ. "ಬಿಡಬೇಡ, ಹತ್ತಿರ ಹೋಗು!"

ಪೆಟ್ಟಿಗೆಯಲ್ಲಿ ಅಂಟ್ವಿ ಕಲ್ಲಿನ ಹಾಗೆ ಮಲಗಿದ್ದ. ಎದೆ ಏಳಲಿಲ್ಲ, ರೆಪ್ಪೆ ಅಲುಗಲಿಲ್ಲ. ಒಳ್ಳೆಯ ನಟನೇ ಅವನು.

"ಅಂಟ್ವಿ" ಎಂದ ತವಿಯಾ.

ಹೆಣ ಉತ್ತರಿಸಲಿಲ್ಲ.

"ಅಂಟ್ವಿ. ನಾನು ಕಣೋ. ನಿಮ್ಮಪ್ಪ."

ಐದು ತಿಂಗಳಿಂದ ಆ ಒಂದು ಕರೆಗೆ ಕಾದಿದ್ದವನು ಇನ್ನೆಷ್ಟು ಹೊತ್ತು ಸತ್ತಿರುತ್ತಾನೆ? ಅಂಟ್ವಿ ಕಣ್ಣು ಬಿಟ್ಟ. ಮೂಗಿನ ಹತ್ತಿ ತೆಗೆದು, "ಏನಪ್ಪಾ?" ಎಂದ.

"ಕಟ್! ಕಟ್! ಏನಯ್ಯಾ ಮೇಸ್ತ್ರಿ ಇದು!" ಡೈರೆಕ್ಟರ್ ಟೋಪಿ ಎತ್ತಿ ನೆಲಕ್ಕೆ ಬಡಿದ.

"ಏನಿಲ್ಲ" ಎಂದ ತವಿಯಾ. "ಉಸಿರಾಡ್ತಿದ್ದೀಯಾ ಅಂತ ನೋಡ್ದೆ. ಆಡ್ತಿದ್ದೀಯ. ಸರಿ, ಮಲಕ್ಕೋ. ನಿನ್ನ ಕೆಲಸ ನೀನು ಮಾಡು."

ಅವನು ಕೆಲಸ ಎಂದದ್ದು ಬಿರಾಗೊಗೆ ಕೇಳಿಸಿತು. ಅವಳು ಸೆರ್ವಾಳ ಭುಜದಲ್ಲಿ ಮುಖ ಹುದುಗಿಸಿ, ಮಗಳ ಹೊಸ ಕಪ್ಪು ಬಟ್ಟೆಯನ್ನೆಲ್ಲ ಒದ್ದೆ ಮಾಡಿದಳು.

ತವಿಯಾ ಸಾಲಿನಿಂದ ಹೊರಗೆ ಬಂದು ಹೆಂಡತಿಯ ಪಕ್ಕ ನಿಂತ. ಟೋಪಿ ಕೊಡವಿ ಮತ್ತೆ ತಲೆಗೆ ಹಾಕಿಕೊಂಡ ಡೈರೆಕ್ಟರ್ ಮೂರನೆಯ ಸಲ ಶುರುಮಾಡಿಸಿದ. ಸಾಲು ಸಾಗಿತು, ಹೆಂಗಸು ಎದೆ ಬಡಿದುಕೊಂಡಳು, ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕ್ಯಾಮೆರಾದವನು ಇದ್ದಕ್ಕಿದ್ದಂತೆ ಕೈ ಎತ್ತಿದ.

"ಮತ್ತೇನಯ್ಯಾ?" ಎಂದು ಕಿರುಚಿದ ಡೈರೆಕ್ಟರ್.

"ಹೆಣ ಅಳ್ತಾ ಇದೆ ಸಾರ್."